ಕುರಿಗೆ ಬಣ್ಣ, ಡಿಎನ್‌ಎಗೆ ಮೀಥೈಲ್

ಎಲ್ಲಾರಿಗೂ ನಮಸ್ಕಾರ್ರಿ. ಮೊನ್ನೆ ರಾಯಚೂರಿಂದ ಸಿಂಧನೂರಿಗೆ ಹೊಂಟಿದ್ದೆ, ರೋಡ್ ತುಂಬ ಕುರಿ, ಬಸ್ಸು ನಿಂತೇಬಿಡ್ತು. ಎರಡು ಹಿಂಡು ಕಲೆತುಬಿಟ್ಟಿದ್ವು, ಆದ್ರ ಕುರಿ ಕಾಯೋ ಅಣ್ಣಗ ಟೆನ್ಷನ್ನೇ ಇಲ್ಲ, ತನ್ನ ಕುರಿ ಬೆನ್ನಿಗೆಲ್ಲ ಕೆಂಪು ಬಣ್ಣ ಹಚ್ಚಿದ್ದ. ನಾನು ಬಯಾಲಜಿ ಮೇಷ್ಟ್ರು, ನಂಗ ನೆನಪಾಗಿದ್ದು ಬ್ಯಾಕ್ಟೀರಿಯಾ. ನಗಬ್ಯಾಡ್ರಿ, ಹೇಳ್ತೀನಿ.

ರಿಸ್ಟ್ರಿಕ್ಷನ್ ಎನ್ಜೈಮ್ ಅಂದ್ರ ನಮ್ ಹುಡುಗ್ರು "ಡಿಎನ್‌ಎ ಕತ್ತರಿ, ಲ್ಯಾಬ್‌ನ್ಯಾಗ ಜೀನ್ ಕಟ್ ಮಾಡಾಕ ಬೇಕು" ಅಂತ ಬರದು ಮಾರ್ಕ್ಸ್ ತಗೋತಾರ. ಆದ್ರ ಅದು ಲ್ಯಾಬ್‌ನ್ಯಾಗ ಹುಟ್ಟಿದ್ದಲ್ರಿ, ಬ್ಯಾಕ್ಟೀರಿಯಾ ತನ್ನ ಜೀವ ಉಳಿಸ್ಕೊಳ್ಳಾಕ ಇಟ್ಕೊಂಡಿದ್ದು. ಅದಕ್ಕೂ ವೈರಸ್ ಕಾಟ ಅದ, ಫೇಜ್ ಅಂತಾರ, ಹೊರಗ ಕುಂತು ತನ್ನ ಡಿಎನ್‌ಎ ಒಳಗ ಚುಚ್ಚತದ, ಆಮ್ಯಾಲ ಒಳಗೆಲ್ಲ ಅದರ ಮರಿಗಳೇ ತುಂಬಿ ಬ್ಯಾಕ್ಟೀರಿಯಾ ಒಡದು ಹೋಗ್ತದ. ಅಷ್ಟ್ರಾಗ ಕತ್ತರಿ ಬೀಳಬೇಕು. ಫೇಜ್ ಬೆಳೆಯೋದಕ್ಕ ತಡೆ, ಅದಕ್ಕ ರಿಸ್ಟ್ರಿಕ್ಷನ್ ಅಂತ ಹೆಸರು.

ಡಿಎನ್‌ಎ ಅಂದ್ರ ಎ, ಟಿ, ಜಿ, ಸಿ ಅನ್ನೋ ನಾಕು ಅಕ್ಷರದಾಗ ಬರದಂಗಿರೋ ಜೋಡಿ ಎಳಿ. ಇಕೋ ಆರ್ ಒನ್ ಅನ್ನೋ ರಿಸ್ಟ್ರಿಕ್ಷನ್ ಎನ್ಜೈಮ್ ನೋಡ್ರಿ, ಜಿ ಎ ಎ ಟಿ ಟಿ ಸಿ ಅನ್ನೋ ಆರಕ್ಷರ ಸಿಕ್ಕಲ್ಲೆ ಕತ್ತರಿಸ್ತದ, ಎದುರಿನ ಎಳೀನ ಉಲ್ಟಾ ಕಡೆಯಿಂದ ಓದಿದ್ರೂ ಅದೇ ಆರಕ್ಷರ, ಒಂಥರಾ ವಿಕಟಕವಿ. ಫಜೀತಿ ಏನಂದ್ರ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎನಾಗೂ ಆ ಅಕ್ಷರ ನೂರಾರು ಕಡೆ ಬರ್ತಾವ! ಅದಕ್ಕ ಜೋಡಿ ಎನ್ಜೈಮ್ ಒಂದದ, ಅಂಥಾ ಒಂದೊಂದು ಜಾಗಕ್ಕೂ ಮೀಥೈಲ್ ಅನ್ನೋ ಸಣ್ಣ ಗುರ್ತು ಹಚ್ಚತದ. ಗುರ್ತಿದ್ರ ಕತ್ತರಿ ಮುಟ್ಟಂಗಿಲ್ಲ. ಡಿಎನ್‌ಎ ಕಾಪಿ ಆದಾಗ ಹೊಸ ಎಳಿಗೆ ಗುರ್ತು ಇರಂಗಿಲ್ಲ, ಆದ್ರ ಜೋಡಿಯಾಗಿರೋ ಹಳೇ ಎಳಿಗೆ ಇರ್ತದಲ್ಲ, ಅದೇ ಕಾಯ್ತದ. ತಾಯಿ ಮಗ್ಗಲಿಗೆ ಹತ್ತಿಕೊಂಡಿರೋ ಬಣ್ಣ ಹಚ್ಚದ ಮರೀನ ಯಾರೂ ಬ್ಯಾರೇದು ಅನ್ನಂಗಿಲ್ಲ ನೋಡ್ರಿ, ಹಂಗ.

ಇದನ್ನ 1960ರ ದಶಕದಾಗ ಬಿಡಿಸಿದಾವ್ರು ಸ್ವಿಟ್ಜರ್ಲೆಂಡಿನ ವರ್ನರ್ ಆರ್ಬರ್. 1970ರಾಗ ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ ತಂಡ ಹಿಮೋಫಿಲಸ್ ಬ್ಯಾಕ್ಟೀರಿಯಾದ ರಸಕ್ಕ ಫೇಜ್ ಡಿಎನ್‌ಎ ಹಾಕಿದ್ರು, ಲೋಳೆಲೋಳೆ ಇದ್ದದ್ದು ತೆಳ್ಳಗಾಯ್ತು, ಅಂದ್ರ ತುಂಡಾಯ್ತು, ಅದೇ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎ ಹಾಕಿದ್ರ ಲೋಳೆ ಹಂಗೇ ಉಳೀತು. ನಂಗಂತೂ ಇದು ಭಾಳ ಸೇರ್ತದ, ಲೋಳೆ ನೋಡೇ ಇಷ್ಟು ದೊಡ್ಡ ಮಾತು ಹಿಡದ್ರು! 1978ರಾಗ ಇವರಿಬ್ಬರಿಗೂ ಡೇನಿಯಲ್ ನೇಥನ್ಸ್‌ಗೂ ನೊಬೆಲ್ ಬಂತು.

ಹಂಗಂತ ಕಾವಲು ಪಕ್ಕಾ ಅಂತಲ್ಲ. ಅಪರೂಪಕ್ಕ ಒಂದು ಫೇಜ್ ಡಿಎನ್‌ಎಗೆ ಕತ್ತರಿ ಬೀಳೋದ್ರಾಗ ಮೀಥೈಲ್ ಬಿದ್ದುಬಿಡ್ತದ, ಕಳ್ಳ ಕುರಿಗೇ ಬಣ್ಣ ಹಚ್ಚಿದಂಗ. ಅಲ್ಲಿ ಹುಟ್ಟೋ ಫೇಜೆಲ್ಲ ಆ ಗುರ್ತು ಹೊತ್ಕೊಂಡೇ ಬರ್ತಾವ, ಆ ತಳಿ ಬ್ಯಾಕ್ಟೀರಿಯಾದಾಗ ರಾಜಾರೋಷ ತಿರುಗ್ತಾವ. ಆ ಎನ್ಜೈಮ್ ಇಲ್ಲದ ಬ್ಯಾರೆ ತಳಿಯೊಳಗ ಒಂದ್ ಸಲ ಬೆಳದು ಬಂದ್ರ ಮಾತ್ರ ಬಣ್ಣ ಹೋಗಿರ್ತದ, ವಾಪಸ್ ಬಂದ್ರ ಮತ್ತ ಕತ್ತರಿ.