48 ಗಂಟೆಯಲ್ಲಿ ಸಿನಿಮಾದ ಕಥೆ ಮುಗಿದಿರುತ್ತದೆ

ಎಲ್ಲರಿಗೂ ನಮಸ್ಕಾರ.

ಹೊಸ ಸಿನಿಮಾದ ಆಯಸ್ಸು ಎಷ್ಟು ಅಂತ ಗಾಂಧಿನಗರದಲ್ಲಿ ಯಾರನ್ನಾದರೂ ಕೇಳಿ ನೋಡಿ. ಮೂರು ದಿನ ಅನ್ನುತ್ತಾರೆ. ಶುಕ್ರವಾರ, ಶನಿವಾರ, ಭಾನುವಾರ. ಸೋಮವಾರ ಕಲೆಕ್ಷನ್ ನೋಡಿ ಮಲ್ಟಿಪ್ಲೆಕ್ಸ್‌ನವರು ಶೋ ಕಡಿಮೆ ಮಾಡುತ್ತಾರೆ. ಪೈರಸಿಯ ಹೊಡೆತ ಬೀಳುವುದೂ ಈ ಮೂರು ದಿನದ ಮೇಲೆಯೇ.

ಕಳ್ಳ ಕಾಪಿ ಹೊಸದೇನಲ್ಲ. ವಿಡಿಯೊ ಕ್ಯಾಸೆಟ್ ಇತ್ತು, ಆಮೇಲೆ ಸಿ.ಡಿ. ಬಂತು. ಆದರೆ ಸಿ.ಡಿ. ಮಾಡಲು ಯಂತ್ರ ಬೇಕು, ಮಾರಲು ಫುಟ್‌ಪಾತ್ ಬೇಕು. ಪೊಲೀಸರು ಬಂದರೆ ಕೈಗೆ ಏನಾದರೂ ಸಿಗುತ್ತಿತ್ತು. ನಮ್ಮ ರಾಜ್ಯದ ಗೂಂಡಾ ಕಾಯ್ದೆಯ ಉದ್ದ ಹೆಸರಿನಲ್ಲೇ ವಿಡಿಯೊ ಪೈರೇಟ್‌ಗಳಿದ್ದಾರೆ, ಕಳ್ಳಭಟ್ಟಿಯವರ, ಜೂಜುಕೋರರ ಸಾಲಿನಲ್ಲಿ! 2016ರಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು. ಬಳಕೆದಾರರ ಕಂಪ್ಯೂಟರ್‌ಗಳ ನಡುವೆಯೇ ಫೈಲು ಹಂಚುವ ಟೊರೆಂಟ್‌ಗೆ ಸ್ವಲ್ಪವಾದರೂ ಕಂಪ್ಯೂಟರ್ ಗೊತ್ತಿರಬೇಕಿತ್ತು. ಟೆಲಿಗ್ರಾಂಗೆ ಅದೂ ಬೇಡ, ಲಿಂಕ್ ಒತ್ತಿದರೆ ಸಾಕು. ಒಂದು ಚಾನೆಲ್ ಮುಚ್ಚಿಸಿದರೆ, ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು ಇನ್ನೊಂದು ಹುಟ್ಟುತ್ತದೆ. ಇವರು ಸುಮ್ನೆ ಪುಕ್ಕಟೆ ಹಂಚುತ್ತಾರೆ ಅಂದುಕೊಳ್ಳಬೇಡಿ. ಪಕ್ಕದಲ್ಲಿ ಕುಣಿಯುವ ಬೆಟ್ಟಿಂಗ್ ಆ್ಯಪ್ ಜಾಹೀರಾತಿನಿಂದ ದುಡ್ಡು ಬರುತ್ತದೆ.

ತಂತ್ರಜ್ಞಾನ ಸುಮ್ಮನೆ ಕೂತಿಲ್ಲ. ಥಿಯೇಟರಿಗೆ ಈಗ ರೀಲು ಬರುವುದಿಲ್ಲ, ಬೀಗ ಹಾಕಿದ ಫೈಲು ಬರುತ್ತದೆ. ಅದರ ಕೀಲಿ ಬೇರೆಯಾಗಿ ಬರುತ್ತದೆ, ಅದಕ್ಕೆ ಕೆಡಿಎಂ ಅನ್ನುತ್ತಾರೆ. ಆ ಕೀಲಿ ನಿಗದಿಯಾದ ಸರ್ವರ್‌ನಲ್ಲಿ ಮಾತ್ರ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ನಡೆಯುತ್ತದೆ. ಫೈಲು ಕದಿಯುವುದು ಕಷ್ಟ. ಹಾಗಾಗಿ ಕಳ್ಳ ಪರದೆಯ ಮುಂದೆ ಮೊಬೈಲ್ ಹಿಡಿಯುತ್ತಾನೆ. ಅದಕ್ಕೂ ಒಂದು ಉಪಾಯವಿದೆ. ಡಿಸಿಐ, ಅಂದರೆ ಹಾಲಿವುಡ್ ಸ್ಟುಡಿಯೊಗಳು ಸೇರಿ ರೂಪಿಸಿದ ಡಿಜಿಟಲ್ ಸಿನಿಮಾ ಮಾನದಂಡದ ಪ್ರೊಜೆಕ್ಟರ್ ಓಡುವಾಗ ಚಿತ್ರದೊಳಗೂ ಸದ್ದಿನೊಳಗೂ ಒಂದು ಗುಪ್ತ ಗುರುತು ಬೆರೆಯುತ್ತದೆ. ಒಟ್ಟು 35 ಬಿಟ್, ಅಂದರೆ 35 ಸೊನ್ನೆ-ಒಂದುಗಳ ಸಂಕೇತ. ಯಾವ ಯಂತ್ರ, ಯಾವ ದಿನ, ಯಾವ 15 ನಿಮಿಷ ಅನ್ನುವುದೆಲ್ಲ ಅದರಲ್ಲಿರುತ್ತದೆ. ಸೋರಿದ ಕಾಪಿಯ ಐದು ನಿಮಿಷದ ತುಣುಕಿನಿಂದಲೂ ಅದನ್ನು ಓದಿ ತೆಗೆಯುವ ಹಾಗೆ ರೂಪಿಸಿದ್ದಾರೆ. ನನಗೆ ಇದು ಬಹಳ ಇಷ್ಟವಾದ ಜಾಣತನ. ಆದರೆ ಕಳ್ಳತನ ಎಲ್ಲಿ ನಡೆಯಿತು ಅಂತ ಹೇಳುತ್ತದೆಯೇ ಹೊರತು, ಅದನ್ನು ತಡೆಯುವುದಿಲ್ಲ. ಒಟಿಟಿಯಿಂದ ಇಳಿಸಿದ ಎಚ್‌ಡಿ ಕಾಪಿಗಂತೂ ಥಿಯೇಟರಿನ ಗುರುತು ಇರುವುದೇ ಇಲ್ಲ.

ಇನ್ನು ಕಾನೂನು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂತು. ಪೈರಸಿ ಮಾಡಿದವರಿಗೆ ಮೂರು ತಿಂಗಳಿಂದ ಮೂರು ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಶುರು, ನಿರ್ಮಾಣ ವೆಚ್ಚದ ಶೇ 5ರವರೆಗೂ ಹೋಗಬಹುದು. ಅದೇ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪೈರಸಿ ದೂರು ಕೇಳುವ ನೋಡಲ್ ಅಧಿಕಾರಿಗಳನ್ನೂ ನೇಮಿಸಿತು. ಅವರ ಸೂಚನೆ ಬಂದ 48 ಗಂಟೆಯೊಳಗೆ ಆನ್‌ಲೈನ್ ವೇದಿಕೆಯವರು ಲಿಂಕ್ ತೆಗೆಯಬೇಕು. ಕೇಳಲು ಚೆನ್ನಾಗಿದೆ, ಅಲ್ವಾ? ಈಗ ಲೆಕ್ಕ ಹಾಕಿ. ಶುಕ್ರವಾರ ಸಂಜೆಯೇ ಸೂಚನೆ ಹೋಯಿತು ಅಂದುಕೊಂಡರೂ ಗಡುವು ಮುಗಿಯುವುದು ಭಾನುವಾರ ಸಂಜೆ. ಅಷ್ಟರಲ್ಲಿ ಸಿನಿಮಾದ ಹಣೆಬರಹ ಬರೆದಾಗಿರುತ್ತದೆ.

ಇದಕ್ಕೇ ದೊಡ್ಡ ಬ್ಯಾನರ್‌ನವರು ಬಿಡುಗಡೆಗೆ ಮೊದಲೇ ಹೈಕೋರ್ಟಿಗೆ ಹೋಗಿ ಪೈರಸಿ ಸೈಟುಗಳ ಮೇಲೆ ತಡೆಯಾಜ್ಞೆ ತರುತ್ತಾರೆ. ಅನಾಮಧೇಯ ಆರೋಪಿಗಳ ವಿರುದ್ಧದ ಈ ಆದೇಶಕ್ಕೆ ‘ಅಶೋಕ್ ಕುಮಾರ್ ಆದೇಶ’ ಅಂತ ಹೆಸರು, ಅಶೋಕ್ ಕುಮಾರ್ ಅನ್ನುವುದು ಗುರುತು ಗೊತ್ತಿಲ್ಲದವರಿಗೆ ಇಟ್ಟ ಕಾಲ್ಪನಿಕ ಹೆಸರು. 2019ರಲ್ಲಿ ದೆಹಲಿ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮುಚ್ಚಿಸಿದ ಸೈಟು ಬೇರೆ ವಿಳಾಸದಲ್ಲಿ ಎದ್ದರೆ ಹೊಸ ದಾವೆ ಹೂಡಬೇಕಿಲ್ಲ, ಹಳೆಯ ಆದೇಶಕ್ಕೇ ಅದನ್ನೂ ಸೇರಿಸಬಹುದು ಅಂದಿತು. ಈಗಿರುವ ದಾರಿಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಇದು. ಆದರೆ ಸಾಲ ಮಾಡಿ ಮೊದಲ ಸಿನಿಮಾ ತೆಗೆದವರು ವಕೀಲರ ಫೀಸು ಎಲ್ಲಿಂದ ತರಬೇಕು? ಚಲನಚಿತ್ರ ವಾಣಿಜ್ಯ ಮಂಡಳಿ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು ಅನ್ನುವುದು ನನ್ನ ವಾದ. ಸಣ್ಣ ಚಿತ್ರಗಳಿಗೆಲ್ಲ ಒಬ್ಬ ವಕೀಲರು ಇರಲಿ. ಶುಕ್ರವಾರ ಮೊದಲ ಶೋ ಹೊತ್ತಿಗೆ ಲಿಂಕ್ ಹುಡುಕಲು ಕೂರುವ ನಾಲ್ಕು ಹುಡುಗರು ಇರಲಿ.

ಇನ್ನೊಂದು ಮಾತು, ನಮ್ಮವರಿಗೆ ಅಷ್ಟು ಹಿಡಿಸುವುದಿಲ್ಲ. ಒಟಿಟಿಯವರು ಕೊಳ್ಳದ ಕನ್ನಡ ಚಿತ್ರ ಎರಡನೇ ವಾರಕ್ಕೆ ಥಿಯೇಟರಿನಿಂದ ಹೋದರೆ ಮತ್ತೆಲ್ಲೂ ಸಿಗುವುದಿಲ್ಲ. ದುಡ್ಡು ಕೊಟ್ಟು ನೋಡುತ್ತೇನೆ ಅನ್ನುವವರಿಗೂ ದಾರಿಯಿಲ್ಲ. ಆಗ ಉಳಿಯುವುದು ಕಳ್ಳ ಲಿಂಕ್ ಒಂದೇ. ಇಂಥವರನ್ನು ನಾನು ಪರದೆಯ ಮುಂದೆ ಮೊಬೈಲ್ ಹಿಡಿಯುವವನ ಜೊತೆ ಸೇರಿಸುವುದಿಲ್ಲ. ಅವರು ಕಳೆದುಕೊಂಡ ಗಿರಾಕಿಗಳು. ಐವತ್ತು ರೂಪಾಯಿಗೆ ಮನೆಯಲ್ಲೇ ನೋಡುವ ಹಾಗೆ ಮಾಡಿದರೆ ಅವರಲ್ಲಿ ಒಂದಷ್ಟು ಜನ ಖಂಡಿತ ವಾಪಸ್ ಬರುತ್ತಾರೆ.