ಓಟಿ ಎಷ್ಟನೇ ತಾಸಿನಿಂದ ಶುರು? ಬೀದರ್, ಜಹೀರಾಬಾದ್, ಉದಗೀರದ ಲೆಕ್ಕ

ಕಾರ್ಮಿಕ ಬಂಧುಗಳೆ, ಅಂಗಡಿ ಮಾಲೀಕರೆ, ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವ ಮುನೀಮರೆ,

ಬೀದರಿನಿಂದ ಹೊರಟರೆ ತಾಸಿನೊಳಗೆ ಜಹೀರಾಬಾದ್, ಅದು ತೆಲಂಗಾಣ. ಭಾಲ್ಕಿ ದಾಟಿ ಮುಂದೆ ಹೋದರೆ ಉದಗೀರ, ಅದು ಮಹಾರಾಷ್ಟ್ರ. ನಮ್ಮ ಜಿಲ್ಲೆಯ ಹುಡುಗರು ಮೂರೂ ಕಡೆ ದುಡಿಯುತ್ತಾರೆ. ಓಟಿ, ಅಂದರೆ ನಿಗದಿತ ತಾಸು ಮೀರಿ ದುಡಿದ ಓವರ್‌ಟೈಮ್, ಅದರ ಮಾತು ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಡಬಲ್ ಕೊಡುತ್ತಾರಾ? ಮೂರೂ ರಾಜ್ಯಗಳಲ್ಲಿ ದರ ಎರಡು ಪಟ್ಟೇ ಇದೆ, ಅದರಲ್ಲಿ ಜಗಳವಿಲ್ಲ. ಹಣ ಹೆಚ್ಚುಕಡಿಮೆಯಾಗುವುದು ಓಟಿ ಯಾವ ತಾಸಿನಿಂದ ಶುರುವಾಗುತ್ತದೆ ಎಂಬಲ್ಲಿ. ಮೊದಲು ಕೇಳಬೇಕಾದದ್ದು ಅದನ್ನೇ.

ಒಂದು ಲೆಕ್ಕ ಹಾಕೋಣ. ಆರು ಜನ ಕೆಲಸಗಾರರಿರುವ ಬಟ್ಟೆ ಅಂಗಡಿ. ಒಬ್ಬ ಸೇಲ್ಸ್‌ಮನ್ ಒಂದು ವಾರದಲ್ಲಿ ನಾಲ್ಕು ದಿನ, ಊಟದ ಹೊತ್ತು ಬಿಟ್ಟು, ದಿನಕ್ಕೆ 10 ತಾಸು ದುಡಿದ. ವಾರಕ್ಕೆ ಒಟ್ಟು 40 ತಾಸು. ಅಂಗಡಿ ಬೀದರಿನಲ್ಲಿದ್ದರೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯ ದಿನಕ್ಕೆ 9, ವಾರಕ್ಕೆ 48 ತಾಸಿನ ಮಿತಿ. ದಿನಕ್ಕೆ ಒಂದರಂತೆ 4 ತಾಸು ಓಟಿ. ಅದೇ ಅಂಗಡಿ ಜಹೀರಾಬಾದಿನಲ್ಲಿದ್ದರೆ, ಆಂಧ್ರದಿಂದ ತೆಲಂಗಾಣಕ್ಕೆ ಬಂದ 1988ರ ಕಾಯ್ದೆಯಂತೆ ದಿನಕ್ಕೆ 8 ತಾಸು. ಓಟಿ 8 ತಾಸು. ಅದೇ ದುಡಿಮೆ, ಎರಡರಷ್ಟು ಓಟಿ.

ಜಹೀರಾಬಾದಿನ ಅದೇ ಬೀದಿಯಲ್ಲಿ ಟ್ರಾನ್ಸ್‌ಪೋರ್ಟ್ ಬುಕಿಂಗ್ ಆಫೀಸಿನ ಗುಮಾಸ್ತನೂ ಅಷ್ಟೇ ತಾಸು ದುಡಿದನೆನ್ನಿ. 2025ರ ಜುಲೈನಲ್ಲಿ ತೆಲಂಗಾಣ ಸರಕಾರ ಅಂಗಡಿಗಳನ್ನು ಬಿಟ್ಟು ಉಳಿದ ವಾಣಿಜ್ಯ ಸಂಸ್ಥೆಗಳಿಗೆ ದಿನಕ್ಕೆ 10 ತಾಸಿನವರೆಗೆ ಸಡಿಲಿಕೆ ಕೊಟ್ಟಿತು, ವಾರದ 48 ಹಾಗೆಯೇ ಉಳಿಯಿತು. ಆ ಆದೇಶದ ಕೆಳಗೆ ಗುಮಾಸ್ತನ ಓಟಿ ಸೊನ್ನೆ. ಬೋರ್ಡಿನ ಮೇಲೆ ಅಂಗಡಿ ಅಂತ ಇದೆಯೋ, ನೋಂದಣಿ ಪತ್ರದಲ್ಲಿ ವಾಣಿಜ್ಯ ಸಂಸ್ಥೆ ಅಂತ ಇದೆಯೋ ನೋಡಿಕೊಳ್ಳಿ.

ಉದಗೀರದ್ದು ಬೇರೆ ತೊಡಕು. ಮಹಾರಾಷ್ಟ್ರದ 2017ರ ಕಾಯ್ದೆಯ ಕೆಲಸದ ವೇಳೆಯ ನಿಯಮ ಮೊದಲಿಗೆ ದಿನಕ್ಕೆ 9 ತಾಸು ಎನ್ನುತ್ತಿತ್ತು, ಆದರೆ ಅದು 10 ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ ಇತ್ತು. ಆರು ಜನರ ಅಂಗಡಿ ಅದರ ಹೊರಗೆ ಉಳಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಚಿವ ಸಂಪುಟ ದಿನದ ಮಿತಿಯನ್ನು 10 ತಾಸಿಗೆ, ಮೂರು ತಿಂಗಳ ಓಟಿ ಮಿತಿಯನ್ನು 125ರಿಂದ 144 ತಾಸಿಗೆ, ಕೆಲಸಗಾರರ ಸಂಖ್ಯೆಯನ್ನು 20ಕ್ಕೆ ಏರಿಸಲು ಒಪ್ಪಿತು. ಹೀಗಾಗಿ ಕೆಲಸ ನಡೆದ ತಿಂಗಳಲ್ಲಿ ಯಾವ ನಿಯಮ ಜಾರಿಯಲ್ಲಿತ್ತೋ ಅದನ್ನೇ ಹಿಡಿದು ಲೆಕ್ಕ ಹಾಕಬೇಕು. ಹಾಗಂತ ಚಿಕ್ಕ ಅಂಗಡಿಯವನಿಗೆ ಏನೂ ಇಲ್ಲ ಎಂದಲ್ಲ. ಕೇಂದ್ರದ ವೇತನ ಸಂಹಿತೆ, 2019ರ 14ನೇ ಕಲಂ ಜನ ಎಷ್ಟಿದ್ದಾರೆ ಎಂದು ನೋಡುವುದಿಲ್ಲ. ಕನಿಷ್ಠ ವೇತನ ನಿಗದಿಯಾದ ಕೆಲಸದಲ್ಲಿ ಸಾಮಾನ್ಯ ದಿನದ ತಾಸು ಮೀರಿದ್ದಕ್ಕೆ ಎರಡು ಪಟ್ಟು ಕೊಡಿ ಎನ್ನುತ್ತದೆ. ಈ ಕಲಂ ಎಷ್ಟು ಕೆಲಸಗಾರರಿಗೆ ಗೊತ್ತಾದರೂ ಕಡಿಮೆಯೇ.

ಇಷ್ಟು ಭೇದ ಯಾಕೆ? ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಬರೆಯಬಹುದು, ರಾಜ್ಯವೂ ಬರೆಯಬಹುದು. 2025ರ ನವೆಂಬರ್ 21ರಂದು ಮೇಲೆ ಹೇಳಿದ ವೇತನ ಸಂಹಿತೆಯೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಕೇಂದ್ರ ಕಾಯ್ದೆಗಳ ಜಾಗ ಹಿಡಿದವು, ಆದರೆ ರಾಜ್ಯಗಳ ಅಂಗಡಿ ಕಾಯ್ದೆಗಳು ಆ 29ರಲ್ಲಿಲ್ಲ. ಆ ನಾಲ್ಕರಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆಯ ಸಂಹಿತೆ 10 ಮತ್ತು ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ದಿನಕ್ಕೆ 8 ತಾಸು ಎನ್ನುತ್ತದೆ, ಓಟಿಗೆ ಕೆಲಸಗಾರನ ಒಪ್ಪಿಗೆ ಬೇಕು ಎನ್ನುತ್ತದೆ, ಒಟ್ಟು ಎಷ್ಟು ತಾಸು ಓಟಿ ಎಂಬುದನ್ನು ಮಾತ್ರ ಸರಕಾರಗಳಿಗೆ ಬಿಡುತ್ತದೆ. ಆದ್ದರಿಂದ ತಲೆ ಎಣಿಸದೆ ಲೆಕ್ಕ ಶುರು ಮಾಡಬೇಡಿ. ಒಂಬತ್ತು ಮತ್ತು ಹತ್ತರ ನಡುವೆ ಕಾನೂನೇ ಬದಲಾಗುತ್ತದೆ.

ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ ತೊಗರಿ ಬಂದ ಮೇಲೆ ಓಟಿ ಜೋರು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144 ತಾಸಿಗೆ ಏರಿಸಿತ್ತು. 144 ಅಂದರೆ ವಾರಕ್ಕೆ ಸುಮಾರು 11 ತಾಸು. ಮಿತಿ ಮುಗಿಯಿತು, ಇನ್ನು ಓಟಿ ಬರೆಯಲ್ಲ ಎಂದು ಮುನೀಮ ಹೇಳಿದರೆ ಒಪ್ಪಬೇಡಿ. ಮಿತಿ ಮೀರಿ ದುಡಿಸಿದ್ದು ಮಾಲೀಕನ ತಪ್ಪು. ದುಡಿದ ತಾಸಿನ ಹಣ ಕೆಲಸಗಾರನದೇ.

ಈಗ ದರ ಹೇಗೆ ತೆಗೆಯುವುದು. ಮೂಲ ವೇತನ 9,000, ತುಟ್ಟಿಭತ್ಯೆ 6,600, ಒಟ್ಟು 15,600 ರೂಪಾಯಿ. ಕನಿಷ್ಠ ವೇತನದ ಲೆಕ್ಕದಲ್ಲಿ ತಿಂಗಳನ್ನು 26 ದಿನವೆಂದು ಹಿಡಿಯುತ್ತಾರೆ. 26ರಿಂದ ಭಾಗಿಸಿದರೆ ದಿನಕ್ಕೆ 600, ಅದನ್ನು 8ರಿಂದ ಭಾಗಿಸಿದರೆ ತಾಸಿಗೆ 75, ಎರಡು ಪಟ್ಟು 150. ಮೇಲಿನ ಬೀದರ್ ಸೇಲ್ಸ್‌ಮನ್‌ಗೆ ಆ ವಾರ 600, ಜಹೀರಾಬಾದಿನವನಿಗೆ 1,200.

ತಪ್ಪುವುದು ಎಲ್ಲಿ ಗೊತ್ತೇ? 26ರ ಬದಲು 30ರಿಂದ ಭಾಗಿಸುತ್ತಾರೆ, 150 ಇದ್ದದ್ದು 130ಕ್ಕೆ ಇಳಿಯುತ್ತದೆ. ತಿಂಗಳಿಗೆ 40 ತಾಸು ಓಟಿ ಮಾಡಿದವನಿಗೆ 800 ರೂಪಾಯಿ ಖೋತಾ. ಇನ್ನೂ ಕೆಟ್ಟದ್ದು, ತುಟ್ಟಿಭತ್ಯೆ ಬಿಟ್ಟು ಬರೀ ಮೂಲ ವೇತನದ ಮೇಲೆ ಕೊಡುವುದು: ಆಗ ತಾಸಿಗೆ 86 ರೂಪಾಯಿ ಚಿಲ್ಲರೆ ಮಾತ್ರ. ಸಂಹಿತೆಯ ವೇತನದ ಅರ್ಥದಲ್ಲಿ ತುಟ್ಟಿಭತ್ಯೆ ಸೇರಿದೆ. ಮನೆ ಬಾಡಿಗೆ, ಪ್ರಯಾಣ ಭತ್ಯೆಯಂಥವು ಹೊರಗೆ, ಆದರೆ ಅವು ಒಟ್ಟಿನ ಅರ್ಧ ಮೀರಿದರೆ ಮೀರಿದಷ್ಟು ವೇತನಕ್ಕೇ ಸೇರುತ್ತದೆ. ಇನ್ನೊಂದು ತಪ್ಪು, ವಾರದ 48 ಮುಟ್ಟಿಲ್ಲ ಎಂದು ದಿನದ ಓಟಿ ಅಳಿಸುವುದು. ನಮ್ಮ ಸೇಲ್ಸ್‌ಮನ್ 40 ತಾಸಿಗೇ ಓಟಿಗೆ ಅರ್ಹನಾದದ್ದನ್ನು ನೋಡಿದಿರಿ. ಊಟದ ಹೊತ್ತನ್ನು ಕಳೆಯುವುದು ಸರಿ, ಆದರೆ ಬುತ್ತಿ ಬಿಚ್ಚಿ ಗಲ್ಲೆಯ ಮುಂದೆಯೇ ಕೂತು ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದರೆ ಅದು ಬಿಡುವಲ್ಲ, ಕೆಲಸ.

ಯಾವ ರಾಜ್ಯದ ನಿಯಮ ಎಂಬುದನ್ನು ಕೆಲಸದ ಜಾಗ ನಿರ್ಧರಿಸುತ್ತದೆ, ಆಧಾರ್ ಮೇಲಿನ ಊರಲ್ಲ, ಮುಖ್ಯ ಕಚೇರಿಯೂ ಅಲ್ಲ. ಔರಾದಿನ ಹುಡುಗ ಹೈದರಾಬಾದಿನ ಗೋದಾಮಿನಲ್ಲಿ ದುಡಿದರೆ ತೆಲಂಗಾಣದ ನಿಯಮ, ಪಗಾರ ಬೀದರಿನ ಗುತ್ತಿಗೆದಾರ ಕೊಟ್ಟರೂ ಅಷ್ಟೇ. ದೂರು ಕೊಡಬೇಕಾದದ್ದೂ ಅಲ್ಲಿನ ಕಾರ್ಮಿಕ ಇಲಾಖೆಗೆ.

ಬಾಕಿ ಕೇಳಲು ವೇತನ ಸಂಹಿತೆಯ 45ನೇ ಕಲಂನಲ್ಲಿ ಮೂರು ವರ್ಷದ ಗಡುವಿದೆ. ಕಾರ್ಮಿಕ ಸಂಘವೂ ಅರ್ಜಿ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಅರ್ಜಿ ವಿಚಾರಿಸುವ ಪ್ರಾಧಿಕಾರಕ್ಕಿದೆ. 59ನೇ ಕಲಂ ಪ್ರಕಾರ ಹಣ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಆದರೆ ದುಡಿದದ್ದೆಷ್ಟು ಎಂದು ಹೇಳಲು ನಿಮ್ಮ ಕೈಯಲ್ಲೂ ಏನಾದರೂ ಇರಬೇಕು. ದಿನವೂ ಬಂದ ಹೊತ್ತು, ಹೋದ ಹೊತ್ತು, ಊಟಕ್ಕೆ ಬಿಟ್ಟ ಹೊತ್ತು ಸಣ್ಣ ಡೈರಿಯಲ್ಲಿ ಬರೆಯಿರಿ, ಹಾಜರಿ ಪುಸ್ತಕದ ಫೋಟೋ ತೆಗೆದಿಟ್ಟುಕೊಳ್ಳಿ, ರಾತ್ರಿ ತಡವಾಗಿ ಬಾ ಎಂದು ಕರೆದ ವಾಟ್ಸ್‌ಆ್ಯಪ್ ಸಂದೇಶ ಅಳಿಸಬೇಡಿ. ವೇತನ ಚೀಟಿಯಲ್ಲಿ ಓಟಿಯ ತಾಸು ಮತ್ತು ದರ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಬರೀ ಮೊತ್ತವಿದ್ದರೆ 26ರಿಂದ ಭಾಗಿಸಿದರೋ 30ರಿಂದ ಭಾಗಿಸಿದರೋ ಹಿಡಿಯುವುದು ಕಷ್ಟ.