ಅಳಿಲು ಬಿಡಿ, ಏಡಿ ಹಿಡಿಯಿರಿ

ಕೇಳುಗರಿಗೆ ನಮಸ್ಕಾರ.

ಮೊನ್ನೆ ಅಕ್ಕನ ಮಗ ಮೊಬೈಲಿನಲ್ಲಿ ಏನೋ ನೋಡಿ, "ಚಿಕ್ಕಮ್ಮಾ, ಅಮೆರಿಕದಲ್ಲಿ ಅಳಿಲಿನ ಸಾರು ಮಾಡ್ತಾರಂತೆ, ಹೌದಾ?" ಅಂದ. ಹೌದು. ಅಲ್ಲಿ ಲೈಸೆನ್ಸ್ ತಗೊಂಡು ಬೇಟೆಯಾಡುತ್ತಾರೆ. ವರ್ಜೀನಿಯಾ, ಜಾರ್ಜಿಯಾ ಕಡೆಯ ಬ್ರನ್ಸ್‌ವಿಕ್ ಸ್ಟ್ಯೂ ಹಿಂದೆ ಅಳಿಲಿನ ಮಾಂಸದ್ದೇ. ಈಗ ಹೆಚ್ಚಾಗಿ ಕೋಳಿ ಹಾಕುತ್ತಾರೆ.

ನಮ್ಮ ತೀರ್ಥಹಳ್ಳಿ ಕಡೆಯೂ ಅಜ್ಜಂದಿರ ಕಾಲದಲ್ಲಿ ಮೊಲ, ಕಾಡುಕೋಳಿ ಒಲೆ ಹತ್ತಿದ್ದು ಸುಳ್ಳಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಅಪರಾಧ. ಕಾಯ್ದೆ ಒಂದೇ ಅಲ್ಲ, ಮಂಗನ ಕಾಯಿಲೆಯ ಭಯವೂ ಇದೆ. ಅದು ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹೆಸರು ಮಂಗನದ್ದು. ಆದರೆ ಅದನ್ನು ಹರಡುವ ಉಣುಗು ಕಾಡಿನ ಇಲಿ, ಅಳಿಲಿನ ಮೈಮೇಲೂ ಇರುತ್ತದೆ.

"ಹಾಗಾದ್ರೆ ನಮಗೇನು?" ಅಂದ. ಏಡಿ ತಿನ್ನು ಮಾರಾಯ, ಅಂದೆ.

ಜೂನಿನ ಮಳೆ ಹಿಡಿದರೆ ಗದ್ದೆ ಬದುವಿನಲ್ಲಿ ಏಡಿ ಓಡಾಡುತ್ತವೆ. ರಾತ್ರಿ ಟಾರ್ಚು, ಒಂದು ಬಕೆಟ್ ಸಾಕು. ಬಿಲಕ್ಕೆ ಮಾತ್ರ ಕೈ ಹಾಕಬೇಡಿ, ಒಳಗೆ ಹಾವೂ ಇರಬಹುದು. ಔಷಧಿ ಹೊಡೆದ ಗದ್ದೆಯದ್ದೂ ಬೇಡ. ಹಿಡಿದದ್ದನ್ನು ತಿರುಗಿಸಿ ನೋಡಿ. ಹೊಟ್ಟೆಯ ಮುಚ್ಚಳ ಅಗಲವಾಗಿದ್ದರೆ ಹೆಣ್ಣು. ಅದರಡಿ ಮೊಟ್ಟೆಯೋ ಸಾಸಿವೆಯಂಥ ಮರಿಯೋ ಇದ್ದರೆ ಅಲ್ಲೇ ಬಿಟ್ಟುಬಿಡಿ.

ಹನ್ನೆರಡು ಏಡಿಗೆ ಲೆಕ್ಕ ಹೇಳ್ತೀನಿ. ಮೊದಲು ಬಿಸಿನೀರು ಹೊಯ್ಯಿರಿ. ಆಮೇಲೆ ಮೇಲಿನ ಚಿಪ್ಪು ಕಿತ್ತು, ಬಾಚಣಿಗೆ ಹಲ್ಲಿನ ಹಾಗಿರುವ ಕಿವಿರು ತೆಗೆದು ತೊಳೆಯಿರಿ. ದೊಡ್ಡ ಕೊಂಬು, ಮೈ ಒಂದು ಕಡೆ. ಸಣ್ಣ ಕಾಲುಗಳನ್ನು ಎಸೆಯಬೇಡಿ, ಸಾರಿನ ಜೀವ ಅಲ್ಲಿರುವುದು. ಒರಳಿನಲ್ಲಿ ಜಜ್ಜಿ, ನೀರು ಹಾಕಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ಮಿಕ್ಸಿಯಲ್ಲೂ ಆಗುತ್ತದೆ. ಬ್ಲೇಡು ಹೋದರೆ ನನ್ನನ್ನು ಕೇಳಬೇಡಿ, ನಮ್ಮನೆಯದ್ದು ಹೋಗಿದೆ.

ಮೂರು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಕಾಳುಮೆಣಸು, ಎಂಟು ಒಣಮೆಣಸಿನಕಾಯಿ, ಎರಡು ಲವಂಗ ಹುರಿಯಿರಿ. ಅರ್ಧ ಬಟ್ಟಲು ತೆಂಗಿನತುರಿ ಕೆಂಪಗಾಗಲಿ. ಒಂದು ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡಕ್ಕೆ ತಳ್ಳಿ. ಹೊರಗೆಲ್ಲ ಕಪ್ಪಾಗಿ, ಹಿಚುಕಿದರೆ ರಸ ಒಸರಬೇಕು. ಗ್ಯಾಸಿನ ಉರಿಯಲ್ಲಿ ಸುಟ್ಟರೂ ನಡೆಯುತ್ತದೆ, ಆದರೆ ಆ ಹೊಗೆವಾಸನೆ ಬರಲ್ಲ. ಸಿಪ್ಪೆ ಬಿಡಿಸಿ, ಬೆಳ್ಳುಳ್ಳಿ, ಅರಿಶಿನದ ಜೊತೆ ಎಲ್ಲ ನುಣ್ಣಗೆ ಅರೆಯಿರಿ. ಹುಳಿಗೆ ವಾಟೆಹುಳಿ ನಾಲ್ಕು ಚೂರು. ಟೊಮೆಟೊ ಹಾಕುವವರಿದ್ದಾರೆ, ನನಗದು ಸೇರಲ್ಲ.

ಏಡಿಯನ್ನು ಎಣ್ಣೆಯಲ್ಲಿ ಕೆಂಪಾಗುವಷ್ಟು ಹೊರಳಿಸಿ, ಮಸಾಲೆ, ಉಪ್ಪು, ನೀರು ಹಾಕಿ. ಕುದಿ ಬಂದಮೇಲೆ ಸೋಸಿದ ರಸ ಸುರಿಯಿರಿ. ಅದು ಮೊಸರು ಒಡೆದ ಹಾಗೆ ಗಂಟುಗಂಟಾಗುತ್ತದೆ. ಕೆಟ್ಟುಹೋಯಿತು ಅಂತ ಹೆದರಬೇಡಿ, ರುಚಿ ಇರುವುದೇ ಆ ಗಂಟಿನಲ್ಲಿ.

ಇನ್ನೊಂದು ಮಾತು. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಸೇರುವ ಒಂದು ಹುಳದ ಮರಿ ಇರಬಹುದು. ಅರ್ಧ ಬೆಂದದ್ದು ತಿಂದರೆ ಕೆಮ್ಮು, ಕಫದಲ್ಲಿ ರಕ್ತ. ಕ್ಷಯ ಅಂತಲೇ ಎಷ್ಟೋ ಸಲ ತಪ್ಪು ತಿಳಿಯುತ್ತಾರೆ. ಅದಕ್ಕೇ ರಸ ಹಾಕಿದ ಮೇಲೂ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ. ಜಜ್ಜಿದ ಒರಳು, ಸೋಸಿದ ಬಟ್ಟೆ, ನಿಮ್ಮ ಕೈ, ಮೂರನ್ನೂ ಸೋಪು ಬಿಸಿನೀರಲ್ಲಿ ತೊಳೆದೇ ಮುಂದಿನ ಕೆಲಸ.

ರಾತ್ರಿ ಅಕ್ಕಿರೊಟ್ಟಿಗೆ ಹಾಕಿಕೊಳ್ಳಿ. ಸ್ವಲ್ಪ ಸಾರು ಮುಚ್ಚಿಡಿ, ಬೆಳಗ್ಗೆ ಇನ್ನೊಮ್ಮೆ ಕುದಿಸಿ ಬಿಸಿ ಕಡುಬಿಗೆ ಬೇಕಾಗುತ್ತದೆ.